ಓದಲು ಬರ್ತದೆ, ಅರ್ಥ ಆಗುವುದಿಲ್ಲ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತಿದ್ದೆ. ಮೊಬೈಲಿಗೆ ಒಂದು ಫೋಟೊ ಬಂತು. ಸೌದಿಯ ದಮ್ಮಾಮಿನಲ್ಲಿದ್ದ ನನ್ನ ಹಳೆಯ ಶಿಷ್ಯ ಕಳುಹಿಸಿದ್ದು. ಒಂದು ಪುಟದ ಅರಬಿ ಕಾಗದ, ಕೆಳಗೆ ಅವನ ಸಹಿ, ಸಹಿಯ ಪಕ್ಕದಲ್ಲಿ ಹೆಬ್ಬೆರಳಿನ ನೀಲಿ ಗುರುತು. ಅದರ ಹಿಂದೆಯೇ ಅವನ ವಾಯ್ಸ್ ಬಂತು. "ಅಸ್ಸಲಾಮು ಅಲೈಕುಂ ಉಸ್ತಾದ್. ಈ ಕಾಗದದಲ್ಲಿ ಎಂತ ಉಂಟು ಅಂತ ಒಮ್ಮೆ ನೋಡಿ ಹೇಳ್ತೀರಾ? ನಾನು ಸಹಿ ಹಾಕಿ ಆಯ್ತು."

ಕಾಗದದ ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಮುಖಾಲಸ' ಎಂದು ಇತ್ತು. ನನಗೂ ಆ ಶಬ್ದ ಕೂಡಲೇ ಹೊಳೆಯಲಿಲ್ಲ. ಕೆಳಗೆ ಓದುತ್ತಾ ಹೋದ ಹಾಗೆ ಒಂದೊಂದೇ ಅರ್ಥ ಆಯಿತು. ನನಗೆ ಸಿಗಬೇಕಾದ ಎಲ್ಲಾ ಹಣವನ್ನೂ ನಾನು ಪಡೆದಿದ್ದೇನೆ, ಇನ್ನು ಮುಂದೆ ಈ ಸಂಸ್ಥೆಯ ಮೇಲೆ ನನ್ನ ಯಾವುದೇ ಹಕ್ಕು, ದಾವೆ ಇಲ್ಲ ಎಂದು ಬರೆದಿತ್ತು. ಲೆಕ್ಕ ಚುಕ್ತಾ ಪತ್ರ ಅಂತ ನಾವು ಹೇಳುವುದು ಅದೇ. ಹುಡುಗನಿಗೆ ಎರಡು ತಿಂಗಳ ಸಂಬಳ ಬರಲು ಬಾಕಿ ಇತ್ತು. ಪರದೆ ಬಟ್ಟೆ ಮಾರುವ ಒಂದು ಅಂಗಡಿಯಲ್ಲಿ ಮೂರು ವರ್ಷ ದುಡಿದಿದ್ದ. ಅಂಗಡಿಯವರೇ ಕೆಲಸ ಮುಗಿಸಿ ಕಳುಹಿಸುವುದಾದರೆ ಮೊದಲ ಐದು ವರ್ಷದವರೆಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳದ ಲೆಕ್ಕದಲ್ಲಿ ಸೇವಾ ಹಣ ಕೊಡಬೇಕು ಎಂದು ಸೌದಿಯ ಕಾರ್ಮಿಕ ಕಾನೂನಿನಲ್ಲಿದೆ. ಅಂದರೆ ಇನ್ನೂ ಒಂದೂವರೆ ತಿಂಗಳ ಸಂಬಳ. ಅದೂ ಸಿಕ್ಕಿರಲಿಲ್ಲ. ಎಕ್ಸಿಟ್ ಮಾಡಿಸಲು ಈ ಕಾಗದ ಬೇಕು ಎಂದು ಹೇಳಿ ಸಹಿ ಹಾಕಿಸಿಕೊಂಡಿದ್ದರು.

ನಾನು ಫೋನ್ ಮಾಡಿ ಕೇಳಿದೆ, "ಸಹಿ ಹಾಕುವ ಮೊದಲು ನೀನು ಓದಲಿಲ್ವಾ?"

"ಓದಿದೆ ಉಸ್ತಾದ್. ಮ್ಯಾನೇಜರ್ ಎದುರಿಗೇ ಗಟ್ಟಿಯಾಗಿ ಓದಿದೆ. ನನಗೆ ಅರಬಿ ಓದಲು ಬರ್ತದೆ ಅಂತ ಅವರಿಗೆ ಆಶ್ಚರ್ಯ ಆಯ್ತು. ಮಾಷಾ ಅಲ್ಲಾಹ್ ಹೇಳಿದ್ರು. ಅರ್ಥ ಮಾತ್ರ ಆಗಲಿಲ್ಲ."

ನನಗೆ ಮತ್ತೆ ಅನ್ನ ಇಳಿಯಲಿಲ್ಲ. ಯಾಕೆಂದರೆ ಆ ಹುಡುಗನಿಗೆ ಅರಬಿ ಅಕ್ಷರ ಕಲಿಸಿದವನು ನಾನೇ. ಐದನೇ ವಯಸ್ಸಿನಿಂದ ಹತ್ತು ವರ್ಷ ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನನ್ನ ಎದುರು ಕೂತವನು. ಕಿರಾಅತ್ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ತಂದವನು. ಓದು ಅಂದರೆ ಅಕ್ಷರವನ್ನು ಸರಿಯಾಗಿ ಉಚ್ಚರಿಸುವುದು ಎಂದು ಅವನಿಗೆ ತೋರಿಸಿಕೊಟ್ಟದ್ದು ನಾನು.

ನಮ್ಮ ಮನೆಗಳಲ್ಲಿ ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ಉಪ್ಪ ಇಲ್ಲದಿದ್ದರೆ ಕಾಕ, ಕಾಕ ಇಲ್ಲದಿದ್ದರೆ ಮಾಮ. ವೀಸಾ ಎಷ್ಟಕ್ಕೆ ಸಿಕ್ಕಿತು, ಸಂಬಳ ಎಷ್ಟು ರಿಯಾಲ್, ರೂಮು ಫ್ರೀಯೋ ಅಲ್ಲವೋ, ಇಷ್ಟನ್ನು ನಾವು ಚೆನ್ನಾಗಿ ವಿಚಾರಿಸ್ತೇವೆ. ಆದರೆ ಇಪ್ಪತ್ತು ವರ್ಷದ ಹುಡುಗ ಹೊಸ ದೇಶದಲ್ಲಿ ಬಾಯಿ ತೆರೆದು ಮಾತಾಡುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಒಂದೇ ಉತ್ತರ ಇರ್ತದೆ: "ಅವನಿಗೆ ಎಂತ, ಮದ್ರಸದಲ್ಲಿ ಓದಿದ್ದಾನಲ್ಲ, ಅರಬಿ ಗೊತ್ತುಂಟು."

ಗೊತ್ತಿಲ್ಲ. ಇದನ್ನು ಮದ್ರಸದ ಉಸ್ತಾದನಾಗಿ ನಾನೇ ಹೇಳಬೇಕಾಗಿದೆ.

ನಾವು ಮಕ್ಕಳಿಗೆ ಅರಬಿ ಕಲಿಸುವುದು ಕುರ್‌ಆನ್ ಓದಲು, ನಮಾಝ್ ಮಾಡಲು. ಅದು ಇಬಾದತಿನ ವಿಷಯ. ಮದ್ರಸ ಇರುವುದು ವೀಸಾಕ್ಕೆ ತಯಾರು ಮಾಡಲು ಅಲ್ಲ, ಅದರಲ್ಲಿ ನನಗೆ ಸಂಶಯ ಇಲ್ಲ. ಪಾಠ ಪುಸ್ತಕ ಬಹಳ ಕಾಲದಿಂದ ಅರಬಿ ಮಲಯಾಳಂ ಲಿಪಿಯಲ್ಲಿತ್ತು. ಅಂದರೆ ಅಕ್ಷರ ಅರಬಿ, ಭಾಷೆ ಮಲಯಾಳಂ. ವಿವರಣೆ ಬ್ಯಾರಿಯಲ್ಲಿ. ಶಾಲೆಗೆ ಹೋದರೆ ಕನ್ನಡ ಅಥವಾ ಇಂಗ್ಲಿಷ್, ರಸ್ತೆಯಲ್ಲಿ ತುಳು. ಹೀಗೆ ನಾಲ್ಕೈದು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಭಾಷೆ ಕಲಿಯುವುದು ಕಷ್ಟವೇ ಅಲ್ಲ. ಆದರೆ ಅರಬಿಯನ್ನು ಮಾತ್ರ ನಾವು ಅವರಿಗೆ ಭಾಷೆ ಎಂದು ಕೊಡಲೇ ಇಲ್ಲ.

ಇನ್ನೊಂದು ತೊಡಕು ಉಂಟು. ಕುರ್‌ಆನ್‌ನಲ್ಲಿ ಪ್ರತಿ ಅಕ್ಷರಕ್ಕೂ ಫತಹ್, ಕಸ್ರ್, ಳಮ್ಮ್ ಇರ್ತದೆ. ಅಲ್ಲಿನ ಪತ್ರಿಕೆ, ಅಂಗಡಿ ಬೋರ್ಡು, ಔಷಧದ ಚೀಟಿ, ಕೆಲಸದ ಕರಾರು ಇದರಲ್ಲಿ ಯಾವುದಕ್ಕೂ ಈ ಹರಕತ್ ಇರುವುದಿಲ್ಲ. ಬರೀ ಮೂಳೆ, ಮಾಂಸ ಇಲ್ಲ. ಶಬ್ದ ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದನ್ನು ಸರಿಯಾಗಿ ಓದಲು ಸಾಧ್ಯ. ಹತ್ತು ವರ್ಷ ಓದಿದವನೂ ವಿಮಾನ ನಿಲ್ದಾಣದ ಬೋರ್ಡಿನ ಮುಂದೆ ನಿಂತು ತಡವರಿಸುವುದು ಇದಕ್ಕೇ.

ಮೋಯ ಎಂದರೆ ನೀರು

ನನ್ನದೇ ಒಂದು ಕತೆ ಹೇಳ್ತೇನೆ. ಉಮ್ರಾಕ್ಕೆ ಹೋಗಿದ್ದಾಗ ಮಕ್ಕಾದಲ್ಲಿ ಒಂದು ಅಂಗಡಿಗೆ ಹೋಗಿ, ಕಿತಾಬಿನಲ್ಲಿ ಕಲಿತ ಶುದ್ಧ ಅರಬಿಯಲ್ಲಿ "ಉರೀದು ಮಾಅನ್" ಎಂದೆ. ನನಗೆ ನೀರು ಬೇಕು ಎಂದು. ಅಂಗಡಿಯ ಹುಡುಗ ನನ್ನ ಮುಖ ನೋಡಿದ. ಪಕ್ಕದಲ್ಲಿ ನಿಂತಿದ್ದ ಒಬ್ಬರು ನಕ್ಕು "ಮೋಯ, ಮೋಯ" ಎಂದು ಅವನಿಗೆ ತಿಳಿಸಿದರು. ಅಲ್ಲಿ ನೀರಿಗೆ ಮೋಯ ಎನ್ನುವುದು. ಬೇಕು ಎನ್ನಲು 'ಉರೀದು' ಅಲ್ಲ, 'ಅಬ್ಗಾ'. ನೀರು ಕೊಟ್ಟ ಹುಡುಗ ಬಾಂಗ್ಲಾದವನು. ಅವನು ಯಾವ ಕಿತಾಬೂ ಓದಿರಲಿಕ್ಕಿಲ್ಲ. ಆದರೆ ದಿನಾ ಸಾವಿರ ಜನರಿಗೆ ನೀರು ಮಾರ್ತಾನೆ. ನಾನು ಬಾಟಲಿ ಹಿಡಿದು ಸುಮ್ಮನೆ ಹೊರಗೆ ಬಂದೆ.

ಕಿತಾಬಿನ ಅರಬಿಗೆ ಫುಸ್‌ಹಾ ಎನ್ನುತ್ತಾರೆ. ಸುದ್ದಿ, ಭಾಷಣ, ಸರ್ಕಾರಿ ಕಾಗದ ಎಲ್ಲ ಇದರಲ್ಲಿ. ಮನೆ ಮತ್ತು ಬೀದಿಯ ಮಾತು ಬೇರೆ, ಅದೂ ಊರಿಗೊಂದು ತರ. 'ಏನು' ಎನ್ನಲು ಕಿತಾಬಿನಲ್ಲಿ 'ಮಾಝಾ', ಜಿದ್ದಾದ ಕಡೆ 'ಏಶ್', ರಿಯಾದ್ ಕಡೆ 'ವೇಶ್'. 'ಈಗ' ಎನ್ನಲು ಕಿತಾಬಿನಲ್ಲಿ 'ಅಲ್ ಆನ', ಜಿದ್ದಾದಲ್ಲಿ 'ದಹೀನ್', ದುಬೈಯಲ್ಲಿ 'ಅಲ್‌ಹೀನ್'. ನಾವು ಗಂಟಲಿನ ಆಳದಿಂದ ಕಷ್ಟಪಟ್ಟು ಹೊರಡಿಸಲು ಕಲಿಸುವ ಕಾಫ್ ಅಕ್ಷರ ಅಲ್ಲಿ ಹೆಚ್ಚಿನವರ ಬಾಯಲ್ಲಿ 'ಗ' ಆಗ್ತದೆ. ಕಹ್ವ ಅಲ್ಲ, ಗಹ್ವ. ಇಜಿಪ್ಟಿನವನು ಸಿಕ್ಕಿದರೆ ಜೀಮನ್ನೇ 'ಗ' ಮಾಡ್ತಾನೆ. ಕುವೈತಿನಲ್ಲಿ ಕೆಲವರ ಬಾಯಲ್ಲಿ ಅದೇ ಜೀಮ್ 'ಯ' ಆಗ್ತದೆ. ತಜ್ವೀದ್ ಕಲಿತ ನಮ್ಮ ಹುಡುಗನಿಗೆ ಮೊದಲ ತಿಂಗಳು ಇವರೆಲ್ಲ ಅರಬರು ಹೌದೋ ಅಲ್ಲವೋ ಎಂದು ಸಂಶಯ ಬರುವುದು ಸಹಜ.

ಹಾಗಾದರೆ ನಮ್ಮ ಹುಡುಗರು ಅಲ್ಲಿ ಯಾವ ಭಾಷೆಯಲ್ಲಿ ಬದುಕ್ತಾರೆ? ಮೊದಲು ಮಲಯಾಳಂನಲ್ಲಿ. ಅಂಗಡಿ, ಬಕಾಲ, ಕೆಫೆಟೇರಿಯಾ, ಆಸ್ಪತ್ರೆ, ರೂಮು, ಎಲ್ಲಿ ನೋಡಿದರೂ ಕೇರಳದವರು. ಬ್ಯಾರಿ ಮತ್ತು ಮಲಯಾಳಂ ಹತ್ತಿರ ಇರುವುದರಿಂದ ಕನ್ನಡದ ಬೇರೆ ಹುಡುಗರಿಗಿಂತ ನಮ್ಮವರಿಗೆ ಇಲ್ಲಿ ಒಂದು ಅನುಕೂಲ ಉಂಟು. ಆದರೆ ಅವರ 'ವ' ನಮ್ಮ ಬಾಯಲ್ಲಿ 'ಬ' ಆಗ್ತದೆ. ರೂಮಿನಲ್ಲಿ ಎಂಟು ಜನ ಇದ್ದರೆ ಏಳು ಜನ ನಗ್ತಾರೆ. "ಮಂಗಳೂರ್" ಎಂದು ಅಡ್ಡ ಹೆಸರು ಬೀಳ್ತದೆ. ಊರಲ್ಲಿ ತುಂಬಾ ಮಾತಾಡುತ್ತಿದ್ದ ಒಬ್ಬ ಹುಡುಗ ಅಲ್ಲಿ ಆರು ತಿಂಗಳು ರೂಮಿನಲ್ಲಿ ಬಾಯಿಯೇ ಬಿಡಲಿಲ್ಲವಂತೆ. ರಜೆಯಲ್ಲಿ ಬಂದಾಗ ನನಗೆ ಹೇಳಿದ, "ಉಸ್ತಾದ್, ನಾನು ಮೂಗ ಅಂತ ಕೆಳಗಿನ ಫ್ಲೋರಿನವರು ತಿಳ್ಕೊಂಡಿದ್ರು."

ಪಾಕಿಸ್ತಾನದ ಡ್ರೈವರ್, ಉತ್ತರ ಭಾರತದ ಟೈಲರ್ ಇದ್ದರೆ ಹಿಂದಿ, ಉರ್ದು ಬೇಕು. ಆಫೀಸಿನಲ್ಲಿ ಇಂಗ್ಲಿಷ್. ಅರಬರ ಹತ್ತಿರ ಒಂದು ಮುರುಕು ಅರಬಿ. ಈ ಮುರುಕು ಅರಬಿ ಗಲ್ಫಿನಲ್ಲಿ ಕೂಲಿಯವರೂ ಅರಬರೂ ಸೇರಿ ಮಾಡಿಕೊಂಡ ಒಂದು ಹೊಸ ಭಾಷೆಯೇ ಆಗಿದೆ. "ಅನಾ ಮಾಫಿ ಮಾಲೂಮ್" ಎಂದರೆ ನನಗೆ ಗೊತ್ತಿಲ್ಲ. "ಮಾಫಿ ಮುಶ್ಕಿಲ" ಎಂದರೆ ತೊಂದರೆ ಇಲ್ಲ. ಮೂರು ತಿಂಗಳಲ್ಲಿ ಯಾರಿಗೂ ಬರ್ತದೆ. ಹೊಟ್ಟೆಪಾಡಿಗೆ ಸಾಕು. ಆದರೆ ಅದರಲ್ಲಿ ನಿನ್ನೆ, ಇವತ್ತು, ನಾಳೆ ಎಂಬ ವ್ಯತ್ಯಾಸವೇ ಇಲ್ಲ. 'ಅನಾ ರೂಹ್' ಎಂದರೆ ಹೋದೆ, ಹೋಗ್ತೇನೆ, ಹೋಗ್ತಾ ಇದ್ದೇನೆ, ಎಲ್ಲವೂ ಹೌದು.

ದಮ್ಮಾಮಿನ ನನ್ನ ಶಿಷ್ಯ ಕಾಗದಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಅಂಗಡಿಯ ಮಾಲಕರ ಹತ್ತಿರವೇ ಹೋಗಿದ್ದ. "ಶಹರೈನ್ ಫುಲೂಸ್ ಮಾಫಿ" ಎಂದಿದ್ದ. ಎರಡು ತಿಂಗಳಿಂದ ಸಂಬಳ ಆಗಿಲ್ಲ ಎಂದು ಹೇಳುವುದು ಅವನ ಉದ್ದೇಶ. ಎರಡು ತಿಂಗಳಿಂದ ಇವನ ಕೈಯಲ್ಲಿ ದುಡ್ಡಿಲ್ಲ ಎಂದು ಅವರಿಗೆ ಅರ್ಥ ಆಗಿರಬೇಕು. ಕಿಸೆಯಿಂದ ಐವತ್ತು ರಿಯಾಲ್ ತೆಗೆದು ಕೊಟ್ಟರಂತೆ. ಇವನು "ಶುಕ್ರನ್" ಹೇಳಿ ಬಂದ. ತನ್ನ ಸಂಬಳ ಕೇಳಲು ಹೋದವನು ಸದಕ ಪಡೆದು ಬಂದ ಹಾಗಾಯಿತು. ಈ ಕತೆಯನ್ನು ಅವನು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಶಾರ್ಜಾದ ಕಡೆ ಕೆಫೆಟೇರಿಯಾದಲ್ಲಿ ಕೆಲಸಕ್ಕೆ ಸೇರಿದ ಹುಡುಗರನ್ನು ಕೇಳಿ. ಹೊರಗೆ ಕಾರು ನಿಲ್ಲಿಸಿ ಹಾರನ್ ಹಾಕ್ತಾರೆ. ಇವನು ಬಿಸಿಲಿಗೆ ಓಡಬೇಕು. ಗ್ಲಾಸು ಎರಡು ಇಂಚು ಕೆಳಗೆ ಇಳಿಸಿ ಒಂದೇ ಉಸಿರಿನಲ್ಲಿ ಆರ್ಡರ್ ಹೇಳ್ತಾರೆ. ಎರಡು ಕರಕ್, ಒಂದು ಬಿದೂನ್ ಸುಕ್ಕರ್, ಒಂದಕ್ಕೆ ಸುಕ್ಕರ್ ಖಫೀಫ್, ಖುಬ್ಝ್ ಜುಬ್ನ್ ಮೂರು. ಬಿದೂನ್ ಎಂದರೆ ಇಲ್ಲದೆ, ಖಫೀಫ್ ಎಂದರೆ ಕಡಿಮೆ. ಒಳಗೆ ಬರುವಷ್ಟರಲ್ಲಿ ಅರ್ಧ ಮರೆತಿರ್ತದೆ. ತಪ್ಪು ಮಾಡಿದರೆ ಚಾಯ್ ವಾಪಸು ಬರ್ತದೆ, ಅದರ ಹಣ ಇವನ ಲೆಕ್ಕಕ್ಕೆ. ಬೆಳಿಗ್ಗೆ ಐದಕ್ಕೆ ಎದ್ದು, ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡುವು, ಮತ್ತೆ ರಾತ್ರಿ ಹನ್ನೆರಡರವರೆಗೆ ನಿಲ್ಲಬೇಕು. ಭಾಷೆ ಕಲಿಯಲು ಕೂತು ಪುಸ್ತಕ ತೆರೆಯುವ ಸಮಯ ಎಲ್ಲಿ ಉಂಟು?

ಮನೆಗೆ ಮಾತ್ರ ಖೈರ್

ಇಷ್ಟೆಲ್ಲ ಆಗುವಾಗ ಮನೆಗೆ ಬರುವ ಸುದ್ದಿ ಒಂದೇ: "ಖೈರ್, ಸುಖ ಉಂಟು ಉಮ್ಮ." ವಿಡಿಯೊ ಕಾಲ್ ಮಾಡುವುದು ರೂಮಿನ ಮಂಚದ ಮೇಲಿಂದ ಅಲ್ಲ. ಜುಮಾ ದಿನ ಒಳ್ಳೆಯ ಅಂಗಿ ಹಾಕಿ, ಯಾವುದಾದರೂ ದೊಡ್ಡ ಮಾಲಿನ ಎದುರು ನಿಂತು. ಉಮ್ಮನಿಗೆ ಹಿಂದೆ ಕಾಣುವುದು ಲೈಟು, ಖರ್ಜೂರದ ಮರ. ಅವನ ಮಂಚ ಎರಡು ಅಂತಸ್ತಿನದ್ದು, ಮೇಲಿನದ್ದು ಇವನದ್ದು, ಮುಖದ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಸೀಲಿಂಗ್ ಎಂದು ಅವರಿಗೆ ಗೊತ್ತಿಲ್ಲ.

ಯಾಕೆ ಹೇಳುವುದಿಲ್ಲ? ವೀಸಾಕ್ಕೆ ದಾದನ ಬಳೆ ಅಡವು ಇಟ್ಟಾಗಿದೆ. ಊರಿಡೀ ಹೇಳಿ ಬೀಳ್ಕೊಟ್ಟಾಗಿದೆ. ಎರಡು ತಿಂಗಳಲ್ಲಿ "ನನಗೆ ಆಗ್ತಾ ಇಲ್ಲ" ಎಂದು ಹೇಳುವ ಬಾಯಿ ಯಾವ ಹುಡುಗನಿಗೂ ಇಲ್ಲ. ಹೇಳಿದರೂ ನಾವು "ಎಲ್ಲರೂ ಹೀಗೇ ಕಷ್ಟಪಟ್ಟವರು, ಸ್ವಲ್ಪ ಸಬ್ರ್ ಮಾಡು" ಎನ್ನುತ್ತೇವೆ. ಸಬ್ರ್ ದೊಡ್ಡ ಗುಣ. ಆದರೆ ಎದೆನೋವು ಬಂದ ಹುಡುಗ ಡಾಕ್ಟರರ ಎದುರು ಎದೆ ಮುಟ್ಟಿ ತೋರಿಸಿ ಸುಮ್ಮನೆ ನಿಂತಿದ್ದರೆ ಅದನ್ನು ಸಬ್ರ್ ಎಂದು ಕರೆಯಬಾರದು. ಎಷ್ಟು ದಿನದಿಂದ ನೋವು, ಉಸಿರು ಎಳೆಯುವಾಗ ಜಾಸ್ತಿಯೋ, ಮೊದಲು ಬಂದಿತ್ತೋ ಎಂದು ಕೇಳಿದರೆ ಅವನಲ್ಲಿ ಶಬ್ದ ಇಲ್ಲ. ನರ್ಸ್ ಮಲಯಾಳಿ ಸಿಕ್ಕಿದರೆ ಬದುಕಿದ.

ಹುಡುಗಿಯರ ವಿಷಯ ನಾವು ಮಾತಾಡುವುದೇ ಇಲ್ಲ. ನಿಕಾಹ್ ಆಗಿ ಫ್ಯಾಮಿಲಿ ವೀಸಾದಲ್ಲಿ ಹೋಗುವ ಹತ್ತೊಂಬತ್ತು ಇಪ್ಪತ್ತರ ಹೆಣ್ಣುಮಕ್ಕಳೂ ಹೊಸ ದೇಶಕ್ಕೆ ಹೋದವರೇ. ಗಂಡ ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ನಾಲ್ಕು ಗೋಡೆ, ಎಸಿ ಶಬ್ದ, ಮೊಬೈಲು. ಜುಬೈಲಿನಲ್ಲಿದ್ದ ನನ್ನ ಒಬ್ಬಳು ಶಿಷ್ಯೆ ಹಾಗೆ ಹೋದವಳು. ಅವಳ ಎದುರಿನ ಫ್ಲಾಟಿನಲ್ಲಿ ಇಜಿಪ್ಟಿನ ಒಂದು ಕುಟುಂಬ. ಆ ಮನೆಯ ಉಮ್ಮ ಒಂದು ದಿನ ಬಾಗಿಲು ತಟ್ಟಿ ಒಂದು ತಟ್ಟೆ ಮಹ್ಶಿ ಕೊಟ್ಟರಂತೆ. ತಟ್ಟೆ ಖಾಲಿ ವಾಪಸು ಕೊಡಬಾರದು ಎಂದು ಇವಳು ನೀರ್ ದೋಸೆ ಮಾಡಿ ಕೊಟ್ಟಳು. ಅಲ್ಲಿಂದ ಶುರು. ಒಂದೂವರೆ ವರ್ಷದಲ್ಲಿ ಇವಳು ಅರಬಿಯಲ್ಲಿ ಜಗಳ ಮಾಡುವಷ್ಟು ಕಲಿತಳು. ಆರು ವರ್ಷದಿಂದ ಅಲ್ಲಿದ್ದ ಅವಳ ಗಂಡನಿಗೆ ಈಗಲೂ "ಮಾಫಿ ಮಾಲೂಮ್" ಬಿಟ್ಟು ಹೆಚ್ಚು ಬರುವುದಿಲ್ಲ. ಆಸ್ಪತ್ರೆಗೆ, ಮಗುವಿನ ಶಾಲೆಗೆ ಹೋಗುವಾಗ ಮಾತಾಡುವುದು ಇವಳೇ. ಒಂದೇ ಸಮಸ್ಯೆ, ಕಲಿತದ್ದು ಪೂರ್ತಿ ಇಜಿಪ್ಟಿನ ಅರಬಿ. ಕ್ಯಾರೆಟ್ ಕೇಳಲು ಜಝರ್ ಎನ್ನುವಲ್ಲಿ 'ಗಝರ್' ಎನ್ನುತ್ತಾಳೆ. ತರಕಾರಿ ಅಂಗಡಿಯವರು "ನೀವು ಕೈರೋದವರಾ" ಎಂದು ತಮಾಷೆ ಮಾಡ್ತಾರಂತೆ.

ಇವಳ ವಿಷಯ ಕೇಳಿದ ಮೇಲೆ ನನಗೆ ಒಂದು ಯೋಚನೆ ಬಂತು. ಇವಳೂ ದಮ್ಮಾಮಿನ ಹುಡುಗನೂ ಒಂದೇ ಬೆಂಚಿನ ಮಕ್ಕಳು, ಒಂದೇ ಪಾಠ ಓದಿದವರು. ಇವಳು ಹೇಳಿದ್ದು ಹೀಗೆ: "ಉಸ್ತಾದ್, ಅವರು ಮಾತಾಡುವಾಗ ನಡುನಡುವೆ ನನಗೆ ಗೊತ್ತಿದ್ದ ಶಬ್ದ ಕೇಳ್ತಿತ್ತು. ಎಲ್ಲಿ ಕೇಳಿದ್ದು ಅಂತ ನೋಡಿದರೆ, ಬಾಯಿಪಾಠ ಮಾಡಿದ ಸೂರತ್‌ನಲ್ಲಿ!"

ನಾನು ಅದೇ ರಾತ್ರಿ ಚಿಕ್ಕ ಸೂರತ್‌ಗಳನ್ನು ಎದುರಿಟ್ಟು ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಬೈತ್, ಮನೆ. ಜೂಅ್, ಹಸಿವು. ಖೌಫ್, ಹೆದರಿಕೆ. ಶಿತಾಅ್, ಚಳಿಗಾಲ. ಸೈಫ್, ಬೇಸಿಗೆ. ಇಷ್ಟು ಸೂರತ್ ಕುರೈಶ್ ಒಂದರಲ್ಲೇ ಉಂಟು. ಸದ್ರ್ ಎದೆ, ಝಹ್ರ್ ಬೆನ್ನು, ಯದ್ ಕೈ, ಐನ್ ಕಣ್ಣು, ಲಿಸಾನ್ ನಾಲಿಗೆ. ಶಮ್ಸ್, ಕಮರ್, ಲೈಲ್, ನಹಾರ್. ಮಾಲ್, ತಆಮ್, ಯತೀಮ್. ಇವೆಲ್ಲ ಇವತ್ತಿನ ಅರಬಿಯಲ್ಲಿಯೂ ಇರುವ ಶಬ್ದಗಳೇ. ಏಳನೇ ವಯಸ್ಸಿನ ನಮ್ಮ ಮಗುವಿಗೆ ಇವೆಲ್ಲ ಬಾಯಿಗೆ ಬರ್ತದೆ. ಎದೆನೋವಿನಲ್ಲಿ ನಿಂತಿದ್ದ ಹುಡುಗ ಸದ್ರ್ ಎಂಬ ಶಬ್ದವನ್ನು ಸಾವಿರ ಸಲ ಹೇಳಿದವನು. ಅದು ಎದೆ ಎಂದು, ಅದನ್ನು ಆಸ್ಪತ್ರೆಯಲ್ಲಿ ಹೇಳಬಹುದು ಎಂದು ಅವನಿಗೆ ಗೊತ್ತಿರಲಿಲ್ಲ.

ಕನ್ನಡದಲ್ಲೂ ಅರಬಿ ಮೂಲದ ಶಬ್ದಗಳು ಬೇಕಾದಷ್ಟು ಉಂಟು. ಕುರ್ಚಿ, ಬಾಕಿ, ಖಾಲಿ, ಹಾಜರು, ಹಿಸಾಬು, ಸಾಬೂನು, ತಾರೀಖು, ಜವಾಬು. ಟ್ಯಾಕ್ಸಿಯವನ ಹತ್ತಿರ 'ಬಾಕಿ' ಎಂದರೆ ಚಿಲ್ಲರೆ ವಾಪಸು ಕೊಡ್ತಾನೆ. ಕೆಲವು ಮೋಸ ಮಾಡ್ತವೆ. ನಮ್ಮಲ್ಲಿ ವಕೀಲ ಎಂದರೆ ಕೋರ್ಟಿನ ಲಾಯರ್, ಅಲ್ಲಿ ಏಜೆಂಟನೂ ವಕೀಲ್. ನಮ್ಮ ತಕರಾರು ಜಗಳ, ಅವರ ತಕ್ರಾರ್ ಎಂದರೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳುವುದು. (ಯೋಚನೆ ಮಾಡಿದರೆ ಎರಡೂ ಒಂದೇ ಎಂದು ನನ್ನ ಮನೆಯವಳ ಅಭಿಪ್ರಾಯ.)

ಆದಿತ್ಯವಾರದ ಕ್ಲಾಸು

ಹೀಗೆ ಶುರುವಾದದ್ದು ನಮ್ಮ ಆದಿತ್ಯವಾರ ರಾತ್ರಿಯ ಕ್ಲಾಸು. ವೀಸಾ ಕೈಗೆ ಬಂದವರು, ಬರಲಿಕ್ಕಿರುವವರು, ಇಶಾ ನಂತರ ಒಂದು ಗಂಟೆ ಮದ್ರಸದಲ್ಲಿ ಕೂರುವುದು. ಮೊದಲ ವಾರ ನಾಲ್ಕು ಜನ ಇದ್ದರು. ಈಗ ಹದಿನೈದರ ಹತ್ತಿರ ಆಗಿದ್ದಾರೆ.

ಜಮಾಅತಿನ ಹಿರಿಯರೊಬ್ಬರು ಮೊದಲು ಒಪ್ಪಲಿಲ್ಲ. "ಉಸ್ತಾದರೇ, ಕುರ್‌ಆನ್ ಕಲಿಸುವ ಜಾಗದಲ್ಲಿ ಮೋಯ, ಅಬ್ಗಾ ಎಂದು ಬೀದಿ ಅರಬಿ ಕಲಿಸುವುದಾ? ಮಕ್ಕಳ ಉಚ್ಚಾರ ಹಾಳಾಗ್ತದೆ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಅದಕ್ಕೇ ಚಿಕ್ಕ ಮಕ್ಕಳಿಗೆ ಇದನ್ನು ಕಲಿಸುವುದಿಲ್ಲ, ಹದಿನೆಂಟು ದಾಟಿದವರಿಗೆ ಮಾತ್ರ. ಮುಖಾಲಸ ಕಾಗದದ ಪ್ರತಿಯನ್ನು ಅವರ ಕೈಗೆ ಕೊಟ್ಟು ಅರ್ಥ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ತಮ್ಮ 1980ರಲ್ಲಿ ಇಂಥದ್ದೇ ಒಂದಕ್ಕೆ ಹೆಬ್ಬೆಟ್ಟು ಒತ್ತಿ ಬಂದವನು" ಎಂದರು. ಈಗ ಕ್ಲಾಸಿನ ಚಾಯ್ ಖರ್ಚು ಅವರದ್ದು.

ಕಲಿಸುವುದು ನಾನೊಬ್ಬನೇ ಅಲ್ಲ, ನನ್ನಿಂದ ಆಗುವುದೂ ಇಲ್ಲ. ನಮ್ಮ ಊರಿನಲ್ಲಿ ಇಪ್ಪತ್ತೈದು ವರ್ಷ ರಿಯಾದ್‌ನಲ್ಲಿ ಬಕಾಲ ನಡೆಸಿ ಬಂದ ಒಬ್ಬ ಕಾಕ ಇದ್ದಾರೆ. ಅವರಿಗೆ ಶಾಲೆ ಎರಡನೇ ಕ್ಲಾಸು, ಅರಬಿ ಓದು ನಮಾಝಿಗೆ ಬೇಕಾದಷ್ಟು. ಆದರೆ ಮಾತಿಗೆ ನಿಂತರೆ ಅರಬನೇ. ಅವರು ಗಿರಾಕಿ ಆಗ್ತಾರೆ, ಪೊಲೀಸ್ ಆಗ್ತಾರೆ, ಮುದೀರ್ ಆಗಿ ಬೈತಾರೆ. ಹುಡುಗರು ಉತ್ತರ ಕೊಡಬೇಕು. ನಾನು ಕಾಗದ ಓದಿಸ್ತೇನೆ. ಅವರಲ್ಲಿ ಮಾತು ಉಂಟು ಅಕ್ಷರ ಇಲ್ಲ, ನನ್ನಲ್ಲಿ ಅಕ್ಷರ ಉಂಟು ಮಾತು ಇಲ್ಲ. ಹುಡುಗರಿಗಿಂತ ಹೆಚ್ಚು ಕಲಿತದ್ದು ನಾನೇ ಇರಬೇಕು.

ಕಾಗದದ ಶಬ್ದಗಳು ಹೆಚ್ಚೇನೂ ಬೇಡ. ಅಕ್ದ್ ಎಂದರೆ ಕರಾರು, ರಾತಿಬ್ ಸಂಬಳ, ಇಜಾಝ ರಜೆ, ಖಸ್ಮ್ ಸಂಬಳದಿಂದ ಕಡಿತ, ತೌಕೀಅ್ ಸಹಿ, ಇಸ್ತಿಕಾಲ ರಾಜೀನಾಮೆ. 'ಇಸ್ತಲಮ್ತು' ಎಂದು ಎಲ್ಲಿಯಾದರೂ ಕಂಡರೆ ಪೆನ್ನು ಕೆಳಗಿಡಬೇಕು, ಅದರ ಅರ್ಥ 'ನಾನು ಪಡೆದಿದ್ದೇನೆ'. 'ಖುರೂಜ್ ವ ಔದ' ಎಂದರೆ ಹೋಗಿ ವಾಪಸು ಬರುವ ವೀಸಾ, 'ಖುರೂಜ್ ನಿಹಾಯೀ' ಎಂದರೆ ಪೂರ್ತಿ ಹೋಗುವುದು. ಈ ಎರಡರ ವ್ಯತ್ಯಾಸ ತಿಳಿಯದೆ ಖುಷಿಯಲ್ಲಿ ಊರಿಗೆ ಬಂದವರಿದ್ದಾರೆ.

ಮನೆಯವರು ತಿಳಿದಿರಬೇಕಾದ ಕೆಲವು ವಿಷಯ ಇಲ್ಲೇ ಬರೆಯುತ್ತೇನೆ. ಸೌದಿಯ ಕಾರ್ಮಿಕ ಕಾನೂನಿನ 9ನೇ ಕಲಮಿನ ಪ್ರಕಾರ ಕರಾರು ಅರಬಿಯಲ್ಲಿರಬೇಕು. ಜೊತೆಗೆ ಇಂಗ್ಲಿಷ್ ಇದ್ದು ಎರಡಕ್ಕೂ ವ್ಯತ್ಯಾಸ ಬಂದರೆ ಅರಬಿಯಲ್ಲಿ ಇದ್ದದ್ದೇ ಲೆಕ್ಕಕ್ಕೆ ಬರುವುದು. ಹಾಗಾಗಿ ಇಂಗ್ಲಿಷ್ ಭಾಗ ಓದಿದ್ದೇನೆ ಎಂದು ಸಮಾಧಾನ ಪಡಬೇಡಿ. ಈಗ ಅಲ್ಲಿ ಕರಾರನ್ನು 'ಕಿವಾ' ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಗೆ ಹಾಕ್ತಾರೆ, ಕೆಲಸಗಾರ ತನ್ನ ಮೊಬೈಲಿನಲ್ಲೇ ಅದನ್ನು ನೋಡಿ ಒಪ್ಪಬಹುದು, ಒಪ್ಪದೆ ಇರಬಹುದು. ಆ ಪಾಸ್‌ವರ್ಡನ್ನು ಬೇರೆಯವರ ಕೈಗೆ ಕೊಟ್ಟರೆ ಸಹಿಯನ್ನೇ ಕೊಟ್ಟ ಹಾಗೆ. ಸಂಬಳದ ದೂರು ಇದ್ದರೆ ಕೆಲಸ ಮುಗಿದ ಹನ್ನೆರಡು ತಿಂಗಳ ಒಳಗೆ ಕೊಡಬೇಕು. ಮನೆ ಡ್ರೈವರ್ ವೀಸಾದಲ್ಲಿ ಹೋಗುವವರು ಈ ಕಾರ್ಮಿಕ ಕಾನೂನಿನ ಒಳಗೆ ಬರುವುದಿಲ್ಲ, ಅವರಿಗೆ ಬೇರೆ ನಿಯಮ. ಇದು ಗೊತ್ತಿಲ್ಲದೆ ಹೋಗುವ ನಮ್ಮ ಹುಡುಗರು ಬಹಳ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅಂಥವರು ಗಲ್ಫಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು, ಅದು ಇ-ಮೈಗ್ರೇಟ್ ಮೂಲಕ ಆಗುವುದು. ಅದನ್ನು ತಪ್ಪಿಸಲು ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸಕ್ಕೆ ಸೇರಿಸ್ತೇವೆ ಎನ್ನುವ ಏಜೆಂಟರ ಮಾತು ಕೇಳಬೇಡಿ. ಆ ಅನುಮತಿ ತೊಂದರೆ ಕೊಡಲು ಇರುವುದಲ್ಲ. ಅದರ ಮೂಲಕ ಹೋದವನ ಕರಾರಿನ ದಾಖಲೆ ನಮ್ಮ ಸರ್ಕಾರದ ಹತ್ತಿರ ಇರ್ತದೆ. ಅಲ್ಲಿ ಕಷ್ಟಕ್ಕೆ ಸಿಕ್ಕಿದರೆ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲಿನಲ್ಲಿ ಮನೆಯವರೂ ಊರಿಂದಲೇ ದೂರು ಹಾಕಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಬಾಕಿ ಇರುವ ಹುಡುಗನನ್ನು ಮೊದಲು ಪರೀಕ್ಷೆಗೆ ಕೂರಿಸಿ, ವೀಸಾ ಆಮೇಲೆ ನೋಡುವ.

ದಮ್ಮಾಮಿನ ಹುಡುಗನಿಗೆ ಆ ಹಣ ಸಿಗಲೇ ಇಲ್ಲ. ನಾನು ಅರ್ಥ ಹೇಳಿದ ನಾಲ್ಕನೇ ದಿನಕ್ಕೆ ಅವನ ಟಿಕೆಟ್ ಇತ್ತು. ನಿಂತು ದೂರು ಕೊಡಲು ಧೈರ್ಯ ಬರಲಿಲ್ಲ, ಧೈರ್ಯ ಹೇಳಲು ಆಗ ನನಗೂ ಇಷ್ಟೆಲ್ಲ ಗೊತ್ತಿರಲಿಲ್ಲ. ದಾದನ ಬಳೆ ಬಿಡಿಸಲು ಎರಡು ವರ್ಷ ಹಿಡಿಯಿತು. ಈಗ ಊರಲ್ಲೇ ರಿಕ್ಷಾ ಓಡಿಸ್ತಾನೆ, ಮತ್ತೆ ಹೋಗಲು ಮನಸ್ಸಿಲ್ಲ ಅಂತಾನೆ. ಆದಿತ್ಯವಾರ ಬಾಡಿಗೆ ಇಲ್ಲದಿದ್ದರೆ ಕ್ಲಾಸಿಗೆ ಬಂದು ಹಿಂದೆ ಕೂರ್ತಾನೆ. ಹೊಸಬರಿಗೆ ಮೊದಲು ಓದಿಸುವುದು ಅವನ ಕಾಗದವನ್ನೇ. ಹೆಸರು ಇದ್ದ ಜಾಗವನ್ನು ನಾನು ಬಿಳಿ ಮಾಡಿದ್ದೆ, "ಇರಲಿ ಉಸ್ತಾದ್, ಎಲ್ಲರಿಗೂ ಗೊತ್ತುಂಟು" ಎಂದ.

ಕಳೆದ ತಿಂಗಳು ಮತ್ತೆ ಒಂದು ಫೋಟೊ ಬಂತು. ಕ್ಲಾಸಿಗೆ ಬರುತ್ತಿದ್ದ ಹುಡುಗ, ಈಗ ಅಲ್‌ಖೋಬರ್‌ನಲ್ಲಿ ಇದ್ದಾನೆ. ಅರ್ಧ ಪುಟದ ಕಾಗದ, ಸಹಿಯ ಜಾಗ ಖಾಲಿ. "ಉಸ್ತಾದ್, ಎರಡು ತಿಂಗಳ ರಜೆ ಕಾಗದ ಅಂತ ಕೊಟ್ಟಿದ್ದಾರೆ. ಮೂರನೇ ಸಾಲಿನಲ್ಲಿ ಇಜಾಝ ಆದ ಮೇಲೆ ಬಿದೂನ್ ಅಂತ ಉಂಟು. ಸಕ್ಕರೆ ಇಲ್ಲದ ಚಾಯ್‌ದು ಬಿದೂನ್ ಇದೇ ಅಲ್ವಾ?"

"ಅದೇ ಬಿದೂನ್. ಅದರ ಮುಂದಿನ ಶಬ್ದ ಓದು."

"ರಾ... ರಾತಿಬ್." ಸ್ವಲ್ಪ ಹೊತ್ತು ಮಾತಿಲ್ಲ. "ಸಂಬಳ ಇಲ್ಲದ ರಜೆಯಾ? ನನಗೆ ಇಪ್ಪತ್ತೊಂದು ದಿನ ಸಂಬಳದ ರಜೆ ಉಂಟಲ್ಲ ಉಸ್ತಾದ್, ಕರಾರಿನಲ್ಲಿ."

"ಉಂಟು. ನಾವು ಇಲ್ಲಿ ಓದಿಯೇ ಕಳುಹಿಸಿದ್ದು."

"ಹಾಗಾದ್ರೆ ಸಹಿ ಹಾಕುವುದಿಲ್ಲ. ನಾಳೆ ಮುದೀರ್ ಹತ್ರ ಕೇಳ್ತೇನೆ. ಕೇಳುವುದು ಹೇಗೆ ಅಂತ ಕಾಕನ ಹತ್ರ ಒಂದು ವಾಯ್ಸ್ ಹಾಕಿಸಿ, ಅವರ ಹಾಗೆಯೇ ಹ���ಳ್ತೇನೆ."